ಹನ್ನೊಂದನೆಯ ಪುಟದ ತಿದ್ದುಪಡಿ

ಗುಟ್ಟು ಕಾಯುವ ತಂತ್ರಾಂಶವೊಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುವುದು ಶ್ರೀರಂಗಪಟ್ಟಣದ ಧರ್ಮೇಂದ್ರನ ಕಸುಬು. ಅದನ್ನು ತಯಾರಿಸಿ ಸುತ್ತಲ ತಾಲ್ಲೂಕುಗಳ ಇಂಟರ್ನೆಟ್ ಅಂಗಡಿಗಳಿಗೆ ಮಾರುತ್ತಿದ್ದವನು ನಾಗರಾಜು. ತೊಂಬತ್ತೊಂಬತ್ತನೆಯ ಇಸವಿ, ಕಂಪ್ಯೂಟರಿನ ಮುಂದೆ ಕೂರಲು ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ. ಹನ್ನೊಂದನೆಯ ಪುಟದಲ್ಲಿ ಧರ್ಮೇಂದ್ರ ಎದೆ ತಟ್ಟಿ ಬರೆದಿದ್ದ: 'ನೀವು ಯಾವ ತಾಣಕ್ಕೆ ಹೋದಿರೆಂಬುದು ಅಂಗಡಿಯವನಿಗೂ ತಿಳಿಯದು.'

ಆ ಮಾತನ್ನು ನಂಬಿದವರಲ್ಲಿ ಅವನ ತಂಗಿ ರಂಜಿತಳೂ ಒಬ್ಬಳು. ಕೆ.ಆರ್. ಪೇಟೆಯ ಕೃಷ್ಣನಿಗೆ ಕೊಟ್ಟಿದ್ದರು. ಹೆಂಡತಿಯ ಮೇಲೆ ಏಳುವ ಅವನ ಕೈ ಬಲು ಕೆಟ್ಟದ್ದು. ಟೈಪಿಂಗ್ ಕಲಿಯುವ ನೆಪದಲ್ಲಿ ಅವಳು ಅದೇ ಊರಿನ ದೇವರಾಜುವಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು, ಮೈಸೂರಿನ ಮಹಿಳಾ ಸಂಸ್ಥೆಯೊಂದಕ್ಕೆ ತನ್ನ ಪಾಡು ಬರೆಯುತ್ತಿದ್ದಳು. ಅಲ್ಲಿ ಜಾಗ ಸಿಕ್ಕೊಡನೆ ಮನೆ ಬಿಡುವುದೆಂದು ಅಣ್ಣತಂಗಿ ನಿಶ್ಚಯಿಸಿದ್ದರು.

ಒಂದು ಮಧ್ಯಾಹ್ನ ಹೊಸ ಆವೃತ್ತಿಯನ್ನು ಪರೀಕ್ಷಿಸುತ್ತಿದ್ದ ಧರ್ಮೇಂದ್ರನಿಗೆ ಒಂದು ತೂತು ಕಂಡಿತು. ತಾಣದ ಪುಟಗಳೇನೋ ಗುಟ್ಟಾಗಿಯೇ ಬರುತ್ತಿದ್ದವು. ಆದರೆ ತಾಣದ ಹೆಸರು ಹೇಳಿ ಅದರ ಸರ್ವರ್ ಎಲ್ಲಿದೆಯೆಂದು ಕಂಪ್ಯೂಟರು ಮೊದಲು ವಿಚಾರಿಸುವುದು ಅಂಗಡಿಯವನಿಗೂ ಕಾಣುವಂತೆ ಬಟ್ಟಬಯಲಲ್ಲಿ ನಡೆಯುತ್ತಿತ್ತು. ಕಳ್ಳದಾರಿ ಹಿಡಿಯುವವನು ಟೀ ಅಂಗಡಿಯ ಮುಂದೆ ನಿಂತು ಇಂಥವರ ಮನೆ ಎಲ್ಲಿ ಎಂದು ಕೂಗಿ ಕೇಳಿದಂತೆ! ತಂತ್ರಾಂಶದಲ್ಲಿ ಮೊದಲಿನಿಂದಲೂ ಇದ್ದ ಒಂದು ಚೌಕದಲ್ಲಿ ಗುರುತು ಹಾಕಿದರೆ ಸರಿಹೋಗುತ್ತಿತ್ತು. ಆ ಚೌಕದ ಸುದ್ದಿಯೇ ಕೈಪಿಡಿಯಲ್ಲಿರಲಿಲ್ಲ.

ಅವನು ಕೂತಲ್ಲೇ ಪುಟವನ್ನು ತಿದ್ದಿ ಬರೆದ.

"ನಮ್ ತಪ್ಪ ನಾವೇ ಡಂಗೂರ ಹೊಡ್ಯಾದೇನ್ಲಾ?" ಎಂದು ನಾಗರಾಜು ಮುಖ ಗಂಟಿಕ್ಕಿದ. "ಅಷ್ಟ್ ಉರಿ ಇದ್ರೆ ಜೆರಾಕ್ಸ್ ಮಾಡುಸ್ಕಂಡು ನೀನೇ ಕೊಟ್ಬುಟ್ಟು ಬಾ, ಹೋಗು."

ತಂಗಿಯ ಮನೆಗೆ ಫೋನು ಮಾಡಿದರೆ ಎತ್ತುವವನು ಕೃಷ್ಣ. ಆದ್ದರಿಂದ ಧರ್ಮೇಂದ್ರ ಜೆರಾಕ್ಸ್ ಕಂತೆ ಹಿಡಿದು, ದಾರಿಯ ಪಾಂಡವಪುರದ ಅಂಗಡಿಗಳಿಗೂ ಇಳಿಯದೆ, ನೇರ ದೇವರಾಜುವಿನ ಅಂಗಡಿಗೆ ಹೋದ.

ಇವನು ರಂಜಿತಳ ಅಣ್ಣನೆಂದು ತಿಳಿಯದ ದೇವರಾಜು ಸಾಲಿನ ಕೆಳಗೆ ಬೆರಳಿಟ್ಟು ಪುಟವನ್ನು ಓದಿದ.

"ಅಂಗಾರೆ ಸಾ, ಒಳಗ್ ಕುಂತೋರು ಎಲ್ಲೆಲ್ಲಿಗೆ ಓಯ್ತಾರೆ ಅಂತ ನನ್ ಮಿಷನ್ನಲ್ ಕಾಣ್ತದಾ?"

"ಕಾಣ್ತದೆ. ಅದ್ಕೇ ಬಂದೆ."

"ಎಲ್ಲಿ, ವಸಿ ತೋರ್ಸಿ."

ಕಲಿಸುವವನ ಹುಮ್ಮಸ್ಸು ಕೆಟ್ಟದ್ದು. ಧರ್ಮೇಂದ್ರ ತೋರಿಸಿದ. ಪರದೆಯ ಮೇಲೆ ಹೆಸರುಗಳು ಇರುವೆಸಾಲಿನಂತೆ ಏರತೊಡಗಿದವು.

"ಅಯ್ಯೋ ಶಿವ್ನೆ! ಆ ಮೂಲೇಲಿರೋ ಮೇಷ್ಟ್ರು ಪಾಠ ನೋಡ್ತೀನಿ ಅಂದ್ಬುಟ್ಟು ಸಿನಿಮಾ ನೋಡ್ತಾವ್ರಲ್ಲ ಸಾ!"

"ಆ ಚೌಕಕ್ಕೆ ಗುರುತು ಹಾಕ್ಬುಡಿ ದೇವರಾಜಣ್ಣ, ಈಗ್ಲೇ."

"ಎಲ್ಲಾ ಮಿಷನ್ನಲ್ಲೂ ಗಿರಾಕಿಗಳವ್ರೆ. ಸಾಯಂಕಾಲ ನಾನೇ ಹಾಕ್ತೀನಿ ಬುಡಿ. ಚಿತ್ರ ಸಮೇತ ಬರ್ದಿದ್ದೀರಲ್ಲ!"

ನಾಗಮಂಗಲದ ಬಸ್ಸು ಹೊರಡುತ್ತಿತ್ತು. ಅಲ್ಲಿನ ಅಂಗಡಿಗಳಿಗೂ ಪುಟ ಕೊಡಲು ಧರ್ಮೇಂದ್ರ ಹಗುರಾಗಿ ಹತ್ತಿದ.

ಮುಂದಿನ ವಾರ ದೇವರಾಜುವಿನ ಫೋನು ಬಂತು. "ಸಾ, ಆ ಪುಟ ಇನ್ನೊಂದಷ್ಟು ಕಳ್ಸಿ. ನಮ್ಮ ಕಡೆ ಅಂಗ್ಡಿಯೋರೆಲ್ಲ ಕೇಳ್ತಾವ್ರೆ. ಅದರ ದೆಸೆಯಿಂದ ಒಂದ್ ಸಂಸಾರ ಉಳೀತು ಕಣ್ ಸಾ. ನಮ್ ಕೃಷ್ಣನ ಹೆಂಡ್ತಿ ಇಲ್ಲೇ ಕುಂತ್ಕಂಡು ಮೈಸೂರಿನ ಯಾವ್ದೋ ಹೆಂಗಸರ ಸಂಘಕ್ಕೆ ಬರೀತಿದ್ಲು. ಮಿಷನ್ನಲ್ ಆ ಸಂಘದ ಹೆಸರು ಕಾಣ್ತು, ಅವ್ನ ಕಿವೀಗ್ ಹಾಕ್ದೆ. ಈಗ ಹೊಸ್ಲು ದಾಟಂಗಿಲ್ಲ."

ಧರ್ಮೇಂದ್ರ ಕೇಳಿದ: "ಚೌಕಕ್ಕೆ ಗುರುತು ಹಾಕ್ಲಿಲ್ವಾ?"

"ಹಾಕುದ್ರೆ ಕಾಣಾಕಿಲ್ಲ ಅಂತ ನೀವೇ ಬರ್ದಿದ್ರಲ್ಲ ಸಾ. ಅದ್ಕೇ ಹಾಕ್ಲಿಲ್ಲ."

ಸಂಜೆಯೊಳಗೆ ಅವನು ತಂಗಿಯ ಮನೆಯ ಜಗಲಿಯಲ್ಲಿದ್ದ. "ಬನ್ನಿ ಬಾವ," ಎಂದು ಕೃಷ್ಣ ನಕ್ಕ. "ಕಾಫಿ ಕುಡೀರಿ. ಅವ್ಳು ಮಲಗವ್ಳೆ."

ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಧರ್ಮೇಂದ್ರ ಎದ್ದು ಹೋಗಿ ಅದನ್ನು ಸರಿಸಿದ. ಕೃಷ್ಣ ತಡೆಯಲಿಲ್ಲ, ಕೂತಲ್ಲೇ ಕಾಫಿ ಹೀರುತ್ತಿದ್ದ. ಊದಿದ ಕೆನ್ನೆಯ ರಂಜಿತ ಬಾಗಿಲಿಗೆ ಬಂದು ಅಣ್ಣನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಡಿ ರಂಜಿತ, ಹೋಗನ."

"ಯಾರ ಮಾತ ನಂಬ್ಕಂಡು?" ಎಂದವಳು ಬಾಗಿಲು ಮುಚ್ಚಿ, ಒಳಗಿನಿಂದ ತಾನೇ ಅಗುಳಿ ಹಾಕಿಕೊಂಡಳು.