ಬಲತೋಳಿನ ಬಂದೂಕು

ಎಡತೋಳಿಗಿರಬೇಕಾದದ್ದು ಬಲತೋಳಿಗೆ ಯಾಕೆ ಬಂತು? ಅವಸರದಲ್ಲಿ ಯಾರಾದರೂ ತಪ್ಪಿ ಹೊಲಿದಿರಬಹುದೇ? ಅಥವಾ ಅಪ್ಪನ ಪಲ್ಟನ್ನಿನಲ್ಲಿ ಪದ್ಧತಿಯೇ ಬೇರೆ ಇತ್ತೋ? ಗುಮ್ಮಘಟ್ಟದ ಕಡೆಯಿಂದ ರಾಯದುರ್ಗಕ್ಕೆ ಹೋಗುವ ಶೇರ್ ಆಟೋದಲ್ಲಿ ಕೂತ ಹನುಮೇಶನ ತಲೆಯೊಳಗೆ ಇದೇ ಸುತ್ತುತ್ತಿತ್ತು. ತೊಡೆಯ ಮೇಲೆ ಅಪ್ಪನ ಹಸಿರು ಅಂಗಿಯಿತ್ತು. ಬಲತೋಳಿನ ಬ್ಯಾಡ್ಜಿನ ದಾರ ಕಿತ್ತುಬಂದು ಒಂದು ಮೂಲೆ ಜೋಲುತ್ತಿತ್ತು.

ಸೈನಿಕರ ತೋಳಿನ ಬ್ಯಾಡ್ಜುಗಳನ್ನು ಕೂಡಿಡುವುದು ಹನುಮೇಶನ ಹುಚ್ಚು. ಬಿ.ಎ. ಮುಗಿಸಿ ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದವನು, ರಜೆ ಸಿಕ್ಕರೆ ಬಳ್ಳಾರಿಯ ಗುಜರಿ ಅಂಗಡಿಗಳಿಗೋ ಡಿ. ಹಿರೇಹಾಳಿನ ಮಾಜಿ ಸೈನಿಕರ ಮನೆಗಳಿಗೋ ಹೋಗುತ್ತಿದ್ದ. ಸುತ್ತಿಗೆ ಇಕ್ಕಳ ಇದ್ದರೆ ಕಮ್ಮಾರ. ಅಡ್ಡಡ್ಡ ಬಾವುಟಗಳಿದ್ದರೆ ಸಂಕೇತ ಕಳಿಸುವವನು. ಕತ್ತರಿ ಹಾಕಿದಂತೆ ಎರಡು ಬಂದೂಕಿದ್ದರೆ ಗುರಿಕಾರ. ಗುರಿಯ ಬ್ಯಾಡ್ಜು ಎಡತೋಳಿಗೆ, ಕಸುಬಿನದು ಬಲತೋಳಿಗೆ. ಯಾರ್ಯಾರೋ ಫೋನಿಗೆ ಫೋಟೊ ಕಳಿಸಿ ಕೇಳಿದರೆ ಕೂತಲ್ಲೇ ಹೇಳುತ್ತಿದ್ದ. ಮನೆಯಲ್ಲಿ ಮಾತ್ರ ಅಪ್ಪನ ಬಲತೋಳಿನ ಬಂದೂಕುಗಳನ್ನು ವರ್ಷವರ್ಷವೂ ನೋಡಿ ಸುಮ್ಮನಿದ್ದ.

ಅಪ್ಪ ದೊಡ್ಡತಿಮ್ಮಪ್ಪ ಊರಿನ ಪಾಲಿಗೆ ಮಿಲ್ಟ್ರಿ ಗುರಿಕಾರ. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆದಾಗ ಆ ಅಂಗಿ ತೊಟ್ಟು ಧ್ವಜದ ಕೆಳಗೆ ನಿಲ್ಲುತ್ತಿದ್ದ. ರಾಯದುರ್ಗದಲ್ಲಿ ಮಾಜಿ ಸೈನಿಕರು ಸೇರಿದರೆ ಮಾತ್ರ ಅವತ್ತೇ ಅವನಿಗೆ ಮಂಡಿನೋವು ಬರುತ್ತಿತ್ತು.

ನಿನ್ನೆ ಊಟಕ್ಕೆ ಕೂತಾಗ ತಂಗಿ ನಾಗವೇಣಿ ಮಾತು ತೆಗೆದಿದ್ದಳು. ಯೂನಿಟ್ಟಿನ ಸೂಪರ್‌ವೈಸರ್ ಸಂಧ್ಯಾ ಅವಳಿಗೆಂದು ಒಂದು ಮಿಷನ್ ಉಳಿಸಿಕೊಂಡಿದ್ದಳು. ಎರಡು ದಿನದೊಳಗೆ ಹೋಗದಿದ್ದರೆ ಅದು ಬೇರೆಯವರ ಪಾಲು.

"ಗುರಿಕಾರನ ಮಗಳು ಮಿಷನ್ ತುಳಿಯಾಕ ಹೋಗಂಗಿಲ್ಲ," ಅಂದ ಅಪ್ಪ. "ಸೂಜಿ ಹಿಡಿಯಾನು ಮನ್ಯಾಗ ಒಬ್ಬ ಅದಾನಲ್ಲ, ಸಾಕು."

"ಈಗಿನ ಮಿಷನ್ ತುಳಿಯಂಗಿಲ್ಲಪ್ಪ. ಕರೆಂಟಿಂದು."

"ಬಾಯಿನೂ ಕರೆಂಟಿಂದೇ ಆಗೈತಿ ನಿಂದು."

ನಾಗವೇಣಿ ತಟ್ಟೆ ಬಿಟ್ಟು ಎದ್ದಳು. ಅಪ್ಪ ಟ್ರಂಕಿನಿಂದ ಅಂಗಿ ತೆಗೆದು ಹನುಮೇಶನ ಮಡಿಲಿಗೆ ಎಸೆದ. "ಬ್ಯಾಡ್ಜು ಕಿತ್ತೈತಿ. ಹೊಲಕೊಂಡು ಬಾ. ನಿನ್ನ ಕಸುಬು ಒಂದಿನಾದ್ರೂ ದೇಶಕ್ಕ ಉಪಯೋಗ ಆಗ್ಲಿ."

ಯೂನಿಟ್ಟಿನಲ್ಲಿ ಮಧ್ಯಾಹ್ನದ ಬಿಡುವಿಗೆ ಹನುಮೇಶ ಒಂದು ಖಾಲಿ ಮಿಷನ್ನಿನ ಮುಂದೆ ಕೂತ. ಪಕ್ಕದ ಮಿಷನ್ನಿನ ಪ್ರಸಾದ್ ಬುತ್ತಿ ಬಿಚ್ಚುತ್ತಾ ಇಣುಕಿದ.

"ಏನ್ರಿ ಹನುಮೇಶಣ್ಣ, ಮಿಲ್ಟ್ರಿ ಆರ್ಡರ್ ಹಿಡಿದ್ರೇನು? ನಮಗೂ ಓವರ್‌ಟೈಮ್ ಐತೇನ್ರಿ?"

"ನಮ್ಮಪ್ಪಂದು."

"ಹಂಗಾರ ಮಜೂರಿ ಗಿಟ್ಟಂಗಿಲ್ಲ ಬಿಡ್ರಿ."

ಹೊಸದಾಗಿ ಹೊಲಿಯಬೇಕಾದರೆ ಹಳೆಯ ಹೊಲಿಗೆ ಪೂರ್ತಿ ಬಿಚ್ಚಬೇಕು. ಅದು ಯೂನಿಟ್ಟಿನ ರೂಢಿ. ದಾರ ಕತ್ತರಿಸುವ ಟ್ರಿಮ್ಮರ್ ತುದಿಯಿಂದ ಹನುಮೇಶ ಒಂದೊಂದೇ ದಾರ ಎತ್ತಿದ. ಬಂದೂಕುಗಳು ಕೈಗೆ ಬಂದವು. ಕೆಳಗೆ, ಬಿಸಿಲು ತಾಕದ ಬಟ್ಟೆ ಕಡುಹಸಿರಾಗಿ ಉಳಿದಿತ್ತು. ಅದರೊಳಗೆ ಇನ್ನೂ ಗಾಢವಾದ ಒಂದು ಗುರುತಿತ್ತು, ಬಂದೂಕಿನ ಆಕಾರದ್ದಲ್ಲ. ಮೇಲೆ ಕಮಾನು, ಕೆಳಗೆ ಬಾಯಿ ತೆರೆದ ಎರಡು ತುದಿ. ಅಂಚಿನುದ್ದಕ್ಕೂ ಮೊದಲಿನ ಸೂಜಿಯ ತೂತುಗಳು.

ಲಾಳ.

ಅವನಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಲಾಳದ ಬ್ಯಾಡ್ಜು ಕುದುರೆಗೆ, ಹೇಸರಗತ್ತೆಗೆ ಲಾಳ ಹೊಡೆಯುವವನದು. ಕಸುಬಿನ ಬ್ಯಾಡ್ಜು, ಅದಕ್ಕೇ ಬಲತೋಳು. ಅದನ್ನು ಕಿತ್ತವನು, ಗುರುತು ಮುಚ್ಚಲು ಅದೇ ಜಾಗದಲ್ಲಿ ಬಂದೂಕು ಹೊಲಿಸಿಕೊಂಡಿದ್ದ. ತೋಳು ತಪ್ಪಿದ್ದು ಹಾಗೆ. ಕಿತ್ತ ದಾರವನ್ನು ಬೆಳಕಿಗೆ ಹಿಡಿದಾಗ ಇನ್ನೊಂದು ಗೊತ್ತಾಯಿತು. ಒತ್ತೊತ್ತಾಗಿ ಓಡಿ, ಮೂಲೆಗೆ ಜೋಡಿಗಂಟು ಬೀಳುವ ಆ ಹೊಲಿಗೆ ಮನೆಯ ಪ್ರತಿ ಕೌದಿಯಲ್ಲೂ ಇತ್ತು. ಅವ್ವನ ಕೈ.

ಹನುಮೇಶನ ಕಿವಿ ಬಿಸಿಯಾಯಿತು. ಲಾಳದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅಂಥದೊಂದು ಬ್ಯಾಡ್ಜಿಗಾಗಿ ಅವನು ಎಷ್ಟೋ ಟ್ರಂಕು ತಡಕಿದ್ದ, ಸಿಕ್ಕಿರಲಿಲ್ಲ. ಸಿಟ್ಟು ಬೇರೆ ಕಡೆಯಿಂದ ಬಂತು. ಸುತ್ತಿಗೆ ಹಿಡಿದು ಮನೆ ಸಾಕಿದವನು ಸೂಜಿ ಹಿಡಿದವನನ್ನು ಊಟದ ತಟ್ಟೆಯ ಮುಂದೆ ಹಂಗಿಸುತ್ತಾನೆ. ಪ್ರಾಣಿಯ ಗೊರಸನ್ನು ಮಡಿಲಲ್ಲಿಟ್ಟುಕೊಂಡು ದುಡಿದವನು, ಮಗಳು ಕುರ್ಚಿಯ ಮೇಲೆ ಕೂತು ದುಡಿದರೆ ಮಾನ ಹೋಯಿತು ಅನ್ನುತ್ತಾನೆ. ಇಷ್ಟು ವರ್ಷ ತಾನು ತಲೆ ತಗ್ಗಿಸಿದ್ದು ಒಂದು ತುಂಡು ಬಜಾರದ ಬಟ್ಟೆಗೆ. ಹನುಮೇಶ ಬಂದೂಕುಗಳನ್ನು ಜೇಬಿಗೆ ಹಾಕಿಕೊಂಡ. ಹೊಲಿಯಲಿಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಪುಟ್ಟಕ್ಕ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವನು ಅಂಗಿಯ ತೋಳನ್ನು ಅವಳ ಮುಂದೆ ಹಾಸಿದ.

"ನೀನಽ ಹೊಲದೀ ಅಲ್ಲಬೇ?"

ಪುಟ್ಟಕ್ಕ ನೋಡಿದಳು. ಹುಣಸೆಬೀಜ ಬೇರೆ ಮಾಡುವುದನ್ನು ನಿಲ್ಲಿಸಲಿಲ್ಲ.

"ಮದುವಿ ಆದ ಹೊಸತು. ನಿಮ್ಮಪ್ಪ ರಜಾಕ್ಕ ಬಂದಿದ್ದ. ನಮ್ಮ ತವರಿನೋರು ನಕ್ರು. ಲಾಳ ಹೊಡಿಯಾಕ ಕಾಶ್ಮೀರಕ್ಯಾಕ ಹೋಗ್ಬೇಕಿತ್ತು, ಸಂತ್ಯಾಗ ಕುಂತಿದ್ರ ಆಗ್ತಿತ್ತಲ್ಲ ಅಂದ್ರು. ಅವತ್ತು ಉಣಲಿಲ್ಲ. ಮರುದಿನ ಬಳ್ಳಾರಿಗೆ ಹೋಗಿ ಆ ಬಂದೂಕಿನ ಬ್ಯಾಡ್ಜು ತಂದ."

"ನೀನು ಹೊಲಕೊಟ್ಟಿ."

"ಹೂಂ. ಹೊಲಿ ಅಂದ, ಹೊಲದೆ."

"ನಾಗವೇಣಿನ್ನ ಬ್ಯಾಡ ಅಂದಾಗ ಬಾಯಿ ಬಿಡಬಾರದಾ?"

"ಬಿಟ್ಟಿದ್ರ ಈ ಮನ್ಯಾಗ ಯಾರು ಉಣತಿದ್ರು?" ಅಂದಳು. ಮತ್ತೆ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ಅಪ್ಪ ಬಂದ. ನಾಗವೇಣಿ ಹೊಸ್ತಿಲಲ್ಲಿ ನಿಂತಿದ್ದಳು. ಹನುಮೇಶ ಅಂಗಿಯನ್ನು ಮಡಿಸಲಿಲ್ಲ. ಲಾಳದ ಗುರುತು ಮೇಲೆ ಬರುವ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದ. ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ.

"ಹೊಲದಿಯೇನಲೇ?" ಅಂದ ಅಪ್ಪ, ಹತ್ತಿರ ಬರುತ್ತಾ. ತೋಳು ಕಂಡು ನಿಂತ.

ಅಪ್ಪ ಮೊದಲು ಅವ್ವನ ಕಡೆ ನೋಡಿದ. ಅವಳು ಹುಣಸೆ ಬುಟ್ಟಿಯ ಕಡೆ ತಿರುಗಿದಳು. ಆಮೇಲೆ ಅವನ ಕಣ್ಣು ನಾಗವೇಣಿಯ ಮೇಲೆ ಹೋಯಿತು, ಇವಳಿಗೂ ಗೊತ್ತೇನು ಎಂಬಂತೆ. ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಅಂಗಿಯ ಬೆನ್ನು.

"ನಾಳೆ ನಾಗವೇಣಿ ನನ್ನ ಕೂಡ ಯೂನಿಟ್ಟಿಗೆ ಬರ್ತಾಳ," ಅಂದ ಹನುಮೇಶ.

ದೊಡ್ಡತಿಮ್ಮಪ್ಪನ ಕತ್ತಿನ ನರ ಉಬ್ಬಿತು. ಬೈಯುತ್ತಾನೆಂದೇ ಹನುಮೇಶ ಕಾದ. ಬೈದಿದ್ದರೆ ಎಲ್ಲ ಹೊರಗೆ ಬೀಳುತ್ತಿತ್ತು. ಅಪ್ಪ ಬೈಯಲಿಲ್ಲ. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ದೀಪ ಹಚ್ಚೋದ್ರೊಳಗ ಮನಿಗೆ ಬರಬೇಕು ಅಕಿ."

"ಬರ್ತಾಳ."

"ಅಂಗಿ?"

"ರಾತ್ರಿಗೆ ಹೊಲದು ಕೊಡ್ತೀನಿ."

ಅಪ್ಪ ಒಳಗೆ ಹೋದ. ನಾಗವೇಣಿ ಅಣ್ಣನ ಕಡೆ ಬೆರಗಿನಿಂದ ನೋಡಿದಳು. "ಏನ್ ಮಂತ್ರ ಹಾಕ್ದಿ ಅಣ್ಣ?"

"ಅಲ್ಲಿ ಬಾಬಿನ್ನಿಗೆ ದಾರ ಸುತ್ತೋದು ಮೊದಲು ಕಲಿ, ಹೋಗು," ಅಂದ. ಮಾತು ಬೇಕಾದ್ದಕ್ಕಿಂತ ಒರಟಾಗಿ ಬಂತು.

ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ತಾನು ಮಾಡಿದ್ದೇನು? ಲಾಳವನ್ನು ನಾಚಿಕೆಯ ಹಾಗೆ ಎತ್ತಿ ತೋರಿಸಿ ಅಪ್ಪನನ್ನು ಹೆದರಿಸಿದ್ದು. ನಕ್ಕ ಆ ತವರಿನವರೂ ಮಾಡಿದ್ದು ಅದನ್ನೇ. ಸಿಟ್ಟು ಈಗ ಅಪ್ಪನನ್ನು ಬಿಟ್ಟು ತನ್ನ ಮೇಲೆಯೇ ತಿರುಗಿತು. ಅವನು ಅವ್ವನ ಸೂಜಿ ತೆಗೆದುಕೊಂಡು, ಬಂದೂಕುಗಳನ್ನು ಅದೇ ಬಲತೋಳಿಗೆ, ಲಾಳದ ಗುರುತು ಕಾಣದ ಹಾಗೆ ಹೊಲಿದ.

ನಾಗವೇಣಿ ಕೆಲಸಕ್ಕೆ ಸೇರಿದಳು. ಅಪ್ಪ ಆ ಅಂಗಿ ತೊಟ್ಟು ಧ್ವಜದ ಕೆಳಗೆ ನಿಂತ. ಹಿಮದ ದಾರಿಯಲ್ಲಿ ಮೂಕಪ್ರಾಣಿ ಕಾಲು ಜಾರದಂತೆ ನೋಡಿಕೊಂಡ ಆ ಕಸುಬು ತನಗೆ ಎರಡು ಬಂದೂಕಿಗಿಂತ ದೊಡ್ಡದೆಂದು ಹನುಮೇಶ ಅಪ್ಪನಿಗೆ ಎಂದೂ ಹೇಳಲಿಲ್ಲ.