ಶ್ರೀರಂಜಿನಿಯ ಗೋಡೆಯ ಡಬ್ಬಿ

"ಎರಡೂ ಒಳ್ಳೆಯದೇ ಟೀಚರ್, ನಾನು ಎಂತ ಹೇಳುವುದು" ಎನ್ನುತ್ತಾ ಕೃಷ್ಣಕುಮಾರ ಚಾವಡಿಯ ಮೇಜಿನ ಮೇಲೆ ಎರಡು ಚೀಟಿ ಹರಡಿದ. ನೀಲಿಯದ್ದು ಪಯಸ್ವಿನಿ ಫೈಬರ್, ಹಳದಿಯದ್ದು ಮಿಂಚು ನೆಟ್. ಮುಳ್ಳೇರಿಯದ ಸುತ್ತಮುತ್ತ ಎರಡಕ್ಕೂ ಅವನೇ ಏಜೆಂಟನಾದ ಕಾರಣ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವ ಹಾಗಿರಲಿಲ್ಲ, ಪಾಪ.

ವೆಂಕಟಲಕ್ಷ್ಮಿ ಕನ್ನಡಕ ಏರಿಸಿ ಎರಡನ್ನೂ ಓದಿದಳು. ಮೂವತ್ತು ವರ್ಷ ಸಂಗೀತ ಪಾಠ ಹೇಳಿದವಳು. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದರೆ ನಿದ್ದೆಯಲ್ಲಿಯೂ ತಾಳ ಹಾಕಿಯಾಳು, ನೂರು ಎಂಬಿಪಿಎಸ್ ಎಂದರೆ ಯಾವ ಕಾಲವೋ ಅವಳಿಗೇನು ಗೊತ್ತು? ಅವಳಿಗೆ ತಿಳಿಯಬೇಕಾದ್ದು ಬೇರೆಯೇ ಇತ್ತು.

"ವಯರು ಬರುವುದು ಎಲ್ಲಿಂದ?"

ಕೃಷ್ಣಕುಮಾರ ಗೇಟಿನಾಚೆ ಕೈ ತೋರಿಸಿದ. ಪಯಸ್ವಿನಿಯ ಡಬ್ಬಿ ರಸ್ತೆಯಾಚೆ ಶ್ರೀರಂಜಿನಿಯ ಮನೆಯ ಗೋಡೆಯಲ್ಲಿಯೇ ಇತ್ತು. ಅಲ್ಲಿಂದ ಇಲ್ಲಿಗೆ ಎಂಬತ್ತು ಮೀಟರು, ಅರ್ಧ ದಿನದ ಕೆಲಸ. ಗೋಡೆ ಅವರದ್ದಾದ್ದರಿಂದ ಟೀಚರೇ ಒಂದು ಮಾತು ಕೇಳಿದರೆ ಸಾಕಂತೆ. ಮಿಂಚಿನದ್ದಾದರೆ ಪೇಟೆಯಿಂದ ಎಳೆಯಬೇಕು. ಕಂಬಕ್ಕೆ ಅನುಮತಿ ಆಗಬೇಕು. ಏನಿಲ್ಲೆಂದರೂ ಇಪ್ಪತ್ತು ದಿನ.

ಆ ಒಂದು ಮಾತು ಕೇಳುವುದೇ ಆಗದ ಕೆಲಸವಾಗಿತ್ತು. ಶ್ರೀರಂಜಿನಿ ಬೇರೆ ಯಾರೋ ಅಲ್ಲ, ಏಳನೆಯ ವಯಸ್ಸಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಂದು ಇದೇ ಚಾವಡಿಯಲ್ಲಿ ಸರಿಗಮ ಕಲಿತವಳು. ರಸ್ತೆಯಾಚೆಯ ಮನೆಗೆ ಅವಳ ಜಾತಕ ಕೊಂಡುಹೋಗಿ ಮದುವೆ ಕುದುರಿಸಿದ್ದೂ ವೆಂಕಟಲಕ್ಷ್ಮಿಯೇ. ಕೈಯಾರೆ ಕರೆದು ಮಣೆ ಹಾಕಿ ಕೂರಿಸಿದ್ದಾಯಿತು! ಈಗ ಅವಳ ಹತ್ತಿರ ಆನ್‌ಲೈನಿನಲ್ಲಿ ಸಂಗೀತ ಕಲಿಯುವ ಅಮೆರಿಕದ ಮಕ್ಕಳಿದ್ದರು, ದುಬೈಯ ಮಕ್ಕಳಿದ್ದರು, ಆಸ್ಟ್ರೇಲಿಯದಲ್ಲೊಂದು ಅಜ್ಜಿ ಕೂಡ ಇತ್ತು. ಟೀಚರ ಹತ್ತಿರ ಇದ್ದದ್ದು ಊರಿನ ನಾಲ್ಕು ಮಕ್ಕಳು. ಅವುಗಳಲ್ಲಿ ಮೂರು ತಾಯಂದಿರ ಒತ್ತಾಯಕ್ಕೆ ಬಂದು ಗಡಿಯಾರ ನೋಡುವಂಥವು.

ನಾಲ್ಕನೆಯವಳು ಗೌತಮಿ. ಹತ್ತು ವರ್ಷದ ಹುಡುಗಿ, ಶ್ರುತಿಗೆ ಗಂಟಲು ಕೊಟ್ಟರೆ ಚಾವಡಿ ತುಂಬುವ ಕಂಠ. ಅದೊಂದು ಮಗು ಇರುವುದರಿಂದ ತಾನು ಇನ್ನೂ ಟೀಚರ್ ಎಂದು ವೆಂಕಟಲಕ್ಷ್ಮಿಗೆ ಅನಿಸುತ್ತಿತ್ತು. ಆ ಗೌತಮಿಯ ಅಪ್ಪನಿಗೆ ಮಸ್ಕತ್ತಿನಲ್ಲಿ ಕೆಲಸವಾಗಿ, ಇನ್ನು ಹತ್ತು ದಿನದಲ್ಲಿ ಮನೆಯವರೆಲ್ಲ ಹೊರಡುವವರಿದ್ದರು. ತಾಯಿ ಜ್ಯೋತ್ಸ್ನಾ ಮೊನ್ನೆ ಬಂದು ಮೆಲ್ಲಗೆ ಕೇಳಿದ್ದಳು. ಟೀಚರಲ್ಲಿ ಆನ್‌ಲೈನ್ ಆಗುತ್ತದಾದರೆ ಪಾಠ ಇಲ್ಲಿಯೇ ಮುಂದುವರಿಸುವುದು, ಇಲ್ಲದಿದ್ದರೆ ಶ್ರೀರಂಜಿನಿಯಲ್ಲಿ ಸೇರಿಸಬೇಕಷ್ಟೆ ಎಂದು. ಮಸ್ಕತ್ತಿಗೆ ಹೋದ ಕೂಡಲೇ ಕ್ಲಾಸು ಶುರುವಾಗಬೇಕಂತೆ, ಬಿಟ್ಟರೆ ಬಿಟ್ಟೇ ಹೋಗುತ್ತದಂತೆ.

ಶ್ರೀರಂಜಿನಿಯಲ್ಲಿ! ಆ ಹೆಸರು ಕೇಳಿದ ಮೇಲೆ ವೆಂಕಟಲಕ್ಷ್ಮಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಅದು ಹೊಟ್ಟೆಕಿಚ್ಚು ಎಂದು ಅವಳಿಗೆ ಗೊತ್ತಿತ್ತು. ಕಲಿಸಿದವಳಿಗೆ ಕಲಿತವಳ ಮೇಲೆ ಹೊಟ್ಟೆಕಿಚ್ಚು ಎಂದರೆ ಜನ ನಕ್ಕಾರು ಎಂದೂ ಗೊತ್ತಿತ್ತು. ಗೊತ್ತಿದ್ದರೆ ಕಿಚ್ಚು ಆರುತ್ತದೆಯೇ? ಬೆಳಗ್ಗೆ ಆಚೆ ಮನೆಯ ಕಿಟಕಿಯಿಂದ ತಂಬೂರಿಯ ಸ್ವರ ಬಂದರೆ ಇವಳು ಈಚೆ ಮಿಕ್ಸಿ ಹಾಕುತ್ತಿದ್ದಳು, ಅರೆಯಲಿಕ್ಕೆ ಏನೂ ಇಲ್ಲದಿದ್ದರೂ.

"ವಯರಿಗೆ ಎಂತ ಮರ್ಯಾದೆ ಮಾರಾಯ್ತಿ? ಹತ್ತಿರದಿಂದ ಬರುವುದನ್ನು ಹಾಕಿಸು" ಎಂದ ಗಂಡ ವಿಷ್ಣುಪ್ರಸಾದ, ಪೇಪರಿನಿಂದ ತಲೆಯೆತ್ತದೆ.

ಡಬ್ಬಿಯಲ್ಲಿ ಇನ್ನೊಂದು ಲೈನಿಗೆ ಜಾಗ ಉಂಟೋ ಎಂದು ನೋಡಿ ಬರುತ್ತೇನೆಂದು ಕೃಷ್ಣಕುಮಾರ ಹೊರಟಾಗ ವೆಂಕಟಲಕ್ಷ್ಮಿ ತಾನೂ ಬರುತ್ತೇನೆಂದಳು. ಆ ಮನೆಯದ್ದೊಂದು ಹಿಡಿಯಿರುವ ತೂಕುಪಾತ್ರೆ ತಿಂಗಳಿನಿಂದ ಇಲ್ಲಿಯೇ ಉಳಿದಿತ್ತು. ಒಳ್ಳೆಯ ನೆವವಾಯಿತು.

ಬೆಳಗ್ಗಿನ ಏಳು ಗಂಟೆ. ಅಮೆರಿಕದಲ್ಲಿ ಆಗ ನಿನ್ನೆಯ ಸಂಜೆಯಂತೆ. ಡಬ್ಬಿ ಇದ್ದದ್ದು ಸರಿಯಾಗಿ ಪಾಠದ ಕೋಣೆಯ ಕಿಟಕಿಯ ಪಕ್ಕ. ಕೃಷ್ಣಕುಮಾರ ಏಣಿ ಹತ್ತಿದ. ಇವಳು ಪಾತ್ರೆ ಹಿಡಿದುಕೊಂಡು ಕಿಟಕಿಯ ಬದಿಗೆ ನಿಂತಳು. ಒಳಗೆ ಶ್ರೀರಂಜಿನಿಯ ಬೆನ್ನು, ಅದರಾಚೆ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಹತ್ತು ಮುಖಗಳು. ಎಲ್ಲರೂ ಒಟ್ಟಿಗೆ ಹಾಡಿದರೆ ಸ್ವರ ಹಿಂದುಮುಂದಾಗುತ್ತದೆಂದು ಒಬ್ಬೊಬ್ಬರಿಂದಲೇ ಹಾಡಿಸುತ್ತಿದ್ದಳು. ಮೋಹನ ರಾಗದ ಪುಟ್ಟ ಗೀತೆ, ಇವಳೇ ಅವಳಿಗೆ ಕಲಿಸಿದ್ದು.

ಒಂದು ಹುಡುಗಿ ಹಾಡಿತು. ಎರಡನೆಯ ಸಾಲಿನಲ್ಲಿ ಪಂಚಮ ದಾಟಿ ಮೇಲೆ ಹತ್ತಬೇಕಾದಲ್ಲಿ ಗಕ್ಕನೆ ನಿಂತಿತು. ತಾಳದ ಕೈ ಗಾಳಿಯಲ್ಲಿ ಹಾಗೆಯೇ ಇತ್ತು, ಕತ್ತು ಚೂರು ಎಡಕ್ಕೆ ಹೊರಳಿತು. ಎರಡು ಎಣಿಸುವಷ್ಟು ಹೊತ್ತು ಕಳೆದ ಮೇಲೆ ಮುಂದಿನ ಸ್ವರ ಹಿಡಿಯಿತು. ಮಗು ಮರೆತಿರಬೇಕು ಎಂದುಕೊಂಡಳು ವೆಂಕಟಲಕ್ಷ್ಮಿ. ಮತ್ತೊಬ್ಬ ಹುಡುಗ ಹಾಡಿದ. ಅಲ್ಲಿಯೇ ನಿಂತ, ಎಡಕ್ಕೇ ಕತ್ತು. ಮೂರನೆಯದ್ದೂ, ಉಳಿದವೂ ಹಾಗೆಯೇ. ಶ್ರೀರಂಜಿನಿ ಎಲ್ಲರಿಗೂ "ವೆರಿ ಗುಡ್" ಎಂದಳು.

ತಾಳ ತಪ್ಪು! ಹಾಡುವ ಹತ್ತೂ ಮಕ್ಕಳಿಗೆ ಒಂದೇ ಕಡೆ ತಾಳ ತಪ್ಪು! ವೆಂಕಟಲಕ್ಷ್ಮಿಯ ಎದೆಯಲ್ಲಿ ಪಾಯಸ ಸುರಿದ ಹಾಗಾಯಿತು. ಇಷ್ಟು ದಿನದ ಉರಿಗೆ ಇದಕ್ಕಿಂತ ಒಳ್ಳೆಯ ಮದ್ದು ಎಲ್ಲಿ ಸಿಕ್ಕೀತು? ಸಂಗೀತದ ದೊಡ್ಡ ಪರೀಕ್ಷೆ ಪಾಸು ಮಾಡಿದವಳು, ಕಡಲಾಚೆಗೆಲ್ಲ ಗುರು, ಒಂದು ಗೀತೆ ನೆಟ್ಟಗೆ ಹೇಳಿಕೊಡಲು ಬರುವುದಿಲ್ಲ! ಪಾತ್ರೆಯನ್ನು ಜಗಲಿಯ ಮೇಲಿಟ್ಟು, ಯಾರನ್ನೂ ಕರೆಯದೆ ಬೇಗ ಬೇಗ ಮನೆಗೆ ಬಂದಳು. ಹಿಂದೆ ಬಂದ ಕೃಷ್ಣಕುಮಾರ ಡಬ್ಬಿಯಲ್ಲಿ ಜಾಗ ಉಂಟೆಂದು ಹೇಳಿದಾಗ, ಅದು ಬೇಡ, ಮಿಂಚಿನದ್ದೇ ಇರಲಿ, ಇಪ್ಪತ್ತು ದಿನವಾದರೆ ಇಪ್ಪತ್ತು ದಿನ ಎಂದುಬಿಟ್ಟಳು. ಸತ್ಯ ತಿಳಿದ ಮೇಲೆ ಜ್ಯೋತ್ಸ್ನಾ ಕಾಯದೆ ಎಲ್ಲಿಗೆ ಹೋಗುತ್ತಾಳೆ?

ಸಂಜೆ ಐದೂವರೆಗೆ ಜ್ಯೋತ್ಸ್ನಾ ಮಗಳನ್ನು ಕರೆದುಕೊಂಡು ಬಂದಳು. ವೆಂಕಟಲಕ್ಷ್ಮಿ ಎಂದಿನಂತೆ ಕಾಫಿಗೆ ಹಾಲು ಒಲೆಯ ಮೇಲಿಟ್ಟು, ಅಡುಗೆಮನೆಯ ಬಾಗಿಲು ಎಡಕ್ಕೆ ಕಾಣುವ ಹಾಗೆ ತನ್ನ ಮಾಮೂಲಿ ಚಾಪೆಯ ಮೇಲೆ ಕುಳಿತಳು. ದನ ಇದ್ದ ಕಾಲದಿಂದಲೂ ಹಾಗೆಯೇ. ಪಾಠದ ಹೊತ್ತೂ ಹಾಲು ಕಾಯಿಸುವ ಹೊತ್ತೂ ಒಂದೇ. ಈಗ ಹಟ್ಟಿ ಬರಿದಾಗಿ ಪ್ಯಾಕೆಟಿನ ಹಾಲು ಬಂದರೂ ಕ್ರಮ ಬದಲಾಗಿರಲಿಲ್ಲ.

"ನೋಡು ಜ್ಯೋತ್ಸ್ನಾ, ನನಗೆ ಯಾರ ಮೇಲೂ ದೂರು ಹೇಳಿ ಅಭ್ಯಾಸ ಇಲ್ಲ" ಎಂದು ಶುರುಮಾಡಿದಳು. ದೂರು ಹೇಳುವವರೆಲ್ಲ ಶುರುಮಾಡುವುದು ಹಾಗೆಯೇ. "ಶ್ರೀರಂಜಿನಿ ಮಕ್ಕಳಿಗೆ ತಾಳ ತಪ್ಪಿಸಿ ಕಲಿಸ್ತಾಳೆ. ನಾನೇ ಕಣ್ಣಾರೆ ಕಂಡದ್ದು. ಮೋಹನದ ಗೀತೆಯಲ್ಲಿ ನಡುವೆ ಒಂದು ಕಡೆ ನಿಲ್ಲಿಸಿಬಿಡ್ತಾರೆ, ಒಂದೊಂದು ಮಗುವೂ. ಗೌತಮಿ, ನೀನು ಹಾಡು. ಸರಿಯಾದದ್ದು ಹೇಗೆಂದು ಅಮ್ಮ ಕೇಳಲಿ."

ಗೌತಮಿ ಟೀಚರ ಪಕ್ಕದಲ್ಲಿ ಕುಳಿತು ಬೆನ್ನು ನೆಟ್ಟಗೆ ಮಾಡಿ ಹಾಡಿದಳು. ಮೊದಲ ಸಾಲು ಮುತ್ತು ಪೋಣಿಸಿದ ಹಾಗೆ ಬಂತು. ಎರಡನೆಯ ಸಾಲು, ಪಂಚಮ. ಅಲ್ಲಿ ಮಗು ನಿಂತಿತು. ಕೈ ಗಾಳಿಯಲ್ಲಿ, ಕತ್ತು ಎಡಕ್ಕೆ, ಅಡುಗೆಮನೆಯ ಬಾಗಿಲಿನ ಕಡೆ. ಎರಡು ಎಣಿಸುವಷ್ಟು ಹೊತ್ತು. ಆಮೇಲೆ ಮೇಲಿನ ಸ್ವರಕ್ಕೆ ಹತ್ತಿತು.

"ಅಲ್ಲಿ ಯಾಕೆ ನಿಂತೆ?"

"ಅಲ್ಲಿ ನಿಲ್ಲಲಿಕ್ಕುಂಟಲ್ಲ ಟೀಚರ್" ಎಂದಳು ಗೌತಮಿ. "ನೀವು ನಿಲ್ತೀರಿ."

"ನಾನಾ?"

ವೆಂಕಟಲಕ್ಷ್ಮಿ ಗಂಟಲು ಸರಿಮಾಡಿ ತಾನೇ ಹಾಡಿ ತೋರಿಸಲು ಹೊರಟಳು. ಪಂಚಮ ಮುಟ್ಟುವಾಗ ತನ್ನ ಕತ್ತು ತಾನಾಗಿಯೇ ಎಡಕ್ಕೆ ಹೊರಳಿದ್ದು ಅವಳಿಗೆ ತಿಳಿಯಿತು. ಒಲೆಯ ಮೇಲೆ ಹಾಲು ಅಂಚಿನ ತನಕ ಬಂದಿತ್ತು. ಎದ್ದುಹೋಗಿ ಒಲೆ ಆರಿಸಿದಳು. ಮೂವತ್ತು ವರ್ಷ ತಾನು ಹಾಲು ನೋಡಿದ್ದನ್ನೆಲ್ಲ ಮಕ್ಕಳು ಹಾಡೆಂದು ಕಲಿತಿದ್ದವು! ಅಮೆರಿಕದ ಮಕ್ಕಳೂ ಈ ಒಲೆಯನ್ನೇ ನೋಡುತ್ತಿದ್ದವು! ನಾಚಿಕೆಯಾಯಿತು. ನಾಚಿಕೆಯ ಒಳಗೆ ಎಲ್ಲಿಯೋ ಒಂದು ನಗುವೂ ಇತ್ತು, ಅದು ಹೊರಗೆ ಬರದ ಹಾಗೆ ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಚಾವಡಿಗೆ ಬಂದು ಜ್ಯೋತ್ಸ್ನಾಳ ಮುಖ ನೋಡಲಾಗದೆ ಮಗುವಿನ ಹತ್ತಿರವೇ ಹೇಳಿದಳು.

"ತಪ್ಪು ನನ್ನದು ಮಗಾ. ಅಲ್ಲಿ ನಿಲ್ಲಲಿಕ್ಕಿಲ್ಲ."

ನೆಟ್ ಯಾವಾಗ ಬರುತ್ತದೆ ಟೀಚರ್ ಎಂದಷ್ಟೇ ಜ್ಯೋತ್ಸ್ನಾ ಕೇಳಿದಳು.

ಅವರು ಹೋದ ಮೇಲೆ ವೆಂಕಟಲಕ್ಷ್ಮಿ ಕೃಷ್ಣಕುಮಾರನಿಗೆ ಫೋನು ಮಾಡಿ ಹಳದಿ ಬೇಡ, ನೀಲಿಯೇ ಇರಲಿ ಎಂದಳು. ಮರುದಿನ ರಸ್ತೆ ದಾಟಿ, ಜೀವಮಾನದಲ್ಲಿ ಮೊದಲ ಸಲ ಶಿಷ್ಯೆಯ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು. ಶ್ರೀರಂಜಿನಿ ಅಷ್ಟಕ್ಕೇ ಕಣ್ಣಲ್ಲಿ ನೀರು ತಂದುಕೊಂಡು, ವಯರು ಎಳೆಯುವ ದಿನ ತಾನೇ ಏಣಿ ಹಿಡಿದಳು. ಅದನ್ನು ಕಂಡು ವೆಂಕಟಲಕ್ಷ್ಮಿಗೆ ಪುನಃ ಸ್ವಲ್ಪ ಉರಿಯಿತು. ಒಳ್ಳೆಯವಳಾಗುವುದರಲ್ಲಿಯೂ ಇವಳೇ ಮುಂದೆ! ಗೀತೆಯ ವಿಷಯ ನಾಲಿಗೆಯ ತುದಿಯ ತನಕ ಬಂತು, ಹೇಳಲಿಲ್ಲ.

ಗೌತಮಿ ಮಸ್ಕತ್ತಿಗೆ ಹೋದ ನಾಲ್ಕನೆಯ ಸಂಜೆ ಮೊದಲ ಕ್ಲಾಸು. ಕ್ಯಾಮರಾ, ಮೈಕು ಎಲ್ಲ ಸರಿಮಾಡಿಕೊಡಲು ಶ್ರೀರಂಜಿನಿ ಬಂದಿದ್ದಳು, ಟೀಚರ ಪಕ್ಕದಲ್ಲಿ ಚಾಪೆಯ ಮೇಲೆ, ಚಿಕ್ಕಂದಿನಲ್ಲಿ ಕೂರುತ್ತಿದ್ದಲ್ಲಿಯೇ ಕುಳಿತಳು. ವೆಂಕಟಲಕ್ಷ್ಮಿ ಕ್ರಮ ತಪ್ಪಿಸದೆ ಹಾಲು ಒಲೆಯ ಮೇಲಿಟ್ಟು ಬಂದಿದ್ದಳು. ಫೋನಿನಲ್ಲಿ ಗೌತಮಿಯ ಮುಖ ಕಾಣಿಸಿತು, ಹಿಂದೆ ಅಪರಿಚಿತ ಬಿಳಿ ಗೋಡೆ.

"ಮೋಹನದ ಗೀತೆ. ನಾನು ಹಾಡುವುದನ್ನು ಕೇಳು, ಆಮೇಲೆ ನೀನು" ಎಂದಳು ವೆಂಕಟಲಕ್ಷ್ಮಿ.

ಮೊದಲ ಸಾಲು ಮುಗಿಯಿತು. ಎರಡನೆಯದು ಶುರುವಾಯಿತು. ಅಡುಗೆಮನೆಯಲ್ಲಿ ಹಾಲು ಏಳುವ ಸದ್ದು ಕೇಳಿಸಿತು. ಪಂಚಮ ಬರುತ್ತಲೇ ಪಕ್ಕದಲ್ಲಿದ್ದ ಶ್ರೀರಂಜಿನಿಯ ಕತ್ತು ಎಡಕ್ಕೆ ಹೊರಳಿತು, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅವಳ ಕೈ ಗಾಳಿಯಲ್ಲಿ ನಿಂತಿತು. ವೆಂಕಟಲಕ್ಷ್ಮಿ ಫೋನಿನಿಂದ ಕಣ್ಣು ಕೀಳದೆ ಮೇಲಿನ ಸ್ವರಕ್ಕೆ ಹತ್ತಿದಳು. ನಿಂತ ಕೈಯನ್ನು ಹಾಗೆಯೇ ಹಿಡಿದುಕೊಂಡು ಶ್ರೀರಂಜಿನಿ ಟೀಚರ ಮುಖ ನೋಡಿದಳು.

ಒಳಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಯಾರೂ ಏಳಲಿಲ್ಲ.