ಊದದೆ ಉಳಿದ ಮೊಟ್ಟೆ

ವಸಂತದ ಹಬ್ಬಕ್ಕೆ ಮೊಟ್ಟೆಗಳ ಮೇಲೆ ಚಿತ್ತಾರ ಬರೆದು ಮಾರುವ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತಿಗೆ, ನಾದಿನಿ ಒಂದೇ ಮೇಜಿಗೆ ಕೂತು ಕೆಲಸ ಮಾಡುತ್ತಿದ್ದರು. ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಕಾರಣ ಕೇಳಿದರೆ ಇಬ್ಬರಿಗೂ ನೆಟ್ಟಗೆ ಹೇಳಲು ಬಾರದು, ಆದರೂ ಎಣ್ಣೆ ಸೀಗೆಕಾಯಿಯೇ. ಅದರ ಮೇಲೆ ಯಜಮಾನಿ ಇನ್ನೊಂದು ಬೆಂಕಿ ಹಚ್ಚಿದ್ದಳು: ಹಬ್ಬದ ನಂತರ ಒಬ್ಬರಿಗೆ ಮಾತ್ರ ಕೆಲಸ, ಒಂದೊಂದು ಮೊಟ್ಟೆ ಮಾಡಿ ತೋರಿಸಿ. ಅತ್ತಿಗೆಯ ಗಂಡ ಸೊಂಟ ಹಿಡಿದು ಮಲಗಿದ್ದ. ಅವಳಿಗೆ ಈ ಕೆಲಸ ಬೇಕೇ ಬೇಕಿತ್ತು.

ಬಿಸಿ ಮೇಣದಲ್ಲಿ ಗೆರೆ ಎಳೆದು ಮೊಟ್ಟೆಯನ್ನು ಬಣ್ಣದಲ್ಲಿ ಅದ್ದಬೇಕು. ಮೇಣ ಇದ್ದಲ್ಲಿ ಬಣ್ಣ ಹತ್ತದು. ಕೊನೆಗೆ ಉರಿಗೆ ಹಿಡಿದು ಮೇಣ ಕರಗಿಸಿ ಒರೆಸಿದರೆ ಚಿತ್ತಾರ ಕಾಣುತ್ತದೆ. ಅತ್ತಿಗೆ ಮೊಟ್ಟೆಗೆ ತೂತು ಕೊರೆದು ಒಳಗಿನದನ್ನು ಮೊದಲೇ ಊದಿ ಖಾಲಿ ಮಾಡಿಕೊಳ್ಳುವವಳು. ಖಾಲಿ ಮೊಟ್ಟೆ ಬಣ್ಣದಲ್ಲಿ ತೇಲುತ್ತದೆ, ಯಾರು ಒತ್ತಿ ಹಿಡಿದು ಕೂರುವುದು ಎಂದು ನಾದಿನಿ ತುಂಬಿದ ಮೊಟ್ಟೆಯ ಮೇಲೇ ಬರೆದು ಕೊನೆಗೆ ಊದುತ್ತಿದ್ದಳು.

ಅಂದು ಯಜಮಾನಿಗೆ ತೋರಿಸುವ ಮೊಟ್ಟೆಯನ್ನು ನಾದಿನಿ ಊದುವ ಮೊದಲೇ, ಮಗಳಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂತು. ಅವಳು ಫೋನ್ ಹಿಡಿದು ಹೊರಗೋಡಿದಳು. ಯಜಮಾನಿ ಬಂದವಳೇ ಮೇಣದಬತ್ತಿ ಹಚ್ಚಿ ಅದೇ ಮೊಟ್ಟೆ ಎತ್ತಿಕೊಂಡಳು. ಮಹಾತಾಯಿಗೆ ಮಾರುವುದು ಗೊತ್ತೇ ಹೊರತು ಮಾಡುವುದು ಗೊತ್ತಿಲ್ಲ. ಕಾವಿಗೆ ಒಳಗಿನದು ಉಬ್ಬಿ ಚಿಪ್ಪು ಸಿಡಿಯುವುದು ಖಂಡಿತ.

ಅತ್ತಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮೊಟ್ಟೆ ಉರಿಯ ಹತ್ತಿರ ಹೋಯಿತು. ಅವಳು ಕುರ್ಚಿ ಬಿಟ್ಟೆದ್ದಳು.

"ತಡೀರಿ, ಅದನ್ನಿನ್ನೂ ಊದಿಲ್ಲ!"

"ಹಾಗಾದ್ರೆ ಕೆಲಸ ಮುಗಿದಿಲ್ಲ. ಅವಳದು ಲೆಕ್ಕಕ್ಕಿಲ್ಲ ಬಿಡು."

"ಕೊಡಿ ಇಲ್ಲಿ. ನಾನೇ ಊದ್ತೀನಿ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಗಿತ್ತು. ಒಡೆದರೆ, ಬೇಕಂತಲೇ ಒಡೆದಳು ಅನ್ನುತ್ತಾರೆ. ಯಾರು ನಂಬುತ್ತಾರೆ?

ಎರಡೂ ತುದಿಗೆ ಸೂಜಿಯಿಂದ ತೂತು ಕೊರೆದು, ತುಟಿಗಿಟ್ಟು ಊದಿದಳು. ಏನೂ ಬರಲಿಲ್ಲ. ಕೆನ್ನೆ ನೋಯಿತು, ಕಿವಿ ಗುಂಯ್ ಎಂದಿತು. ಒಂದು ತೊಟ್ಟು ಲೋಳೆ ಮೇಲೆ ಹರಿದರೂ ಕೆಂಪು ಬಣ್ಣ ಕಿತ್ತುಬರುತ್ತಿತ್ತು. ಆಗಲೇ, ಮಗಳನ್ನು ಕರೆತರಲು ಗಂಡನಿಗೆ ಹೇಳಿ, ನಾದಿನಿ ಒಳಗೆ ಬಂದಳು.

"ಅಯ್ಯಯ್ಯೋ! ನನ್ನ ಮೊಟ್ಟೆಗೆ ಏನ್ ಮಾಡ್ತಿದೀರಿ ಅತ್ತಿಗೆ? ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನಾ?"

ಬಾಯಿ ತುಂಬ ಉಸಿರು, ಉತ್ತರ ಹೇಗೆ ಕೊಡುವುದು? ಅತ್ತಿಗೆ ಕಣ್ಣಲ್ಲೇ ಗದರಿ ಇನ್ನಷ್ಟು ಊದಿದಳು. ಬಿಳಿ ಎಳೆಯಾಗಿ ಇಳಿಯಿತು. ಹಿಂದೆಯೇ ಹಳದಿ ಪುಸಕ್ಕೆಂದು ಬಟ್ಟಲಿಗೆ ಬಿತ್ತು. ಚಿಪ್ಪು ಉಳಿಯಿತು.

ಯಜಮಾನಿ ಮೇಣ ಕರಗಿಸಿ ಒರೆಸಿದಳು. ಕೆಂಪಿನ ನಡುವೆ ಬಿಳಿ ಹಕ್ಕಿಗಳ ಸಾಲು, ಒಂದೊಂದು ಗರಿಯೂ ಬೇರೆ ಬೇರೆ. ಅತ್ತಿಗೆ ಪಕ್ಕದಲ್ಲಿದ್ದ ತನ್ನ ಮೊಟ್ಟೆಯತ್ತ ನೋಡಿದಳು. ತನ್ನದಕ್ಕಿಂತ ಚೆನ್ನಾಗಿತ್ತು, ಸುಳ್ಳೇಕೆ ಹೇಳಬೇಕು.

"ನೀನೇ ಇರು," ಎಂದು ನಾದಿನಿಗೆ ಹೇಳಿ ಯಜಮಾನಿ ಮೊಟ್ಟೆಗಳೊಂದಿಗೆ ಹೊರಟಳು. "ಅದೃಷ್ಟವಂತೆ ಕಣೆ. ನಿಮ್ಮತ್ತಿಗೆ ತಡೀದಿದ್ರೆ ಸುಟ್ಟೇಬಿಡ್ತಿದ್ದೆ."

ನಾದಿನಿಯ ಮುಖ ಬಾಡಿತು. ಅತ್ತಿಗೆಯ ಎದುರಿದ್ದ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಬಿಡ್ತಿರಲಿಲ್ಲ ಅತ್ತಿಗೆ."

"ಗೊತ್ತು ಕಣೆ." ಅತ್ತಿಗೆಗೆ ಹೊಟ್ಟೆ ಉರಿಯುತ್ತಿತ್ತು, ಅಳುವೂ ಬರುತ್ತಿತ್ತು. "ಸಂಜೆ ಮನೆಗೆ ಬಾ. ಕೆಲಸ ಯಾರಿಗೆ ಸಿಕ್ತು ಅಂತ ನಿಮ್ಮಣ್ಣನಿಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ."